ಚಹಾ ಒಲ್ಲೆ ಎಂದವನು

ಕಳೆದ ತಿಂಗಳು ಕೊಗನೊಳ್ಳಿ ಟೋಲ್ ನಾಕಾದಲ್ಲಿ ನಮ್ಮ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಜಿಟಿಜಿಟಿ ಮಳೆ, ಮುಂದೆ ಕೆಟ್ಟು ನಿಂತ ಲಾರಿ. ಕಿಟಕಿಯ ಗಾಜು ಸರಿಸಿದ್ದೇ ತಡ, ರಸ್ತೆ ಬದಿಯ ಡಬ್ಬಾ ಅಂಗಡಿಯಿಂದ ಗೌತಿ ಚಾದ ವಾಸನೆ ಬಂತು. ನಮ್ಮ ಗಡಿಭಾಗದಲ್ಲಿ ನಿಂಬೆಹುಲ್ಲಿಗೆ ಹಾಗೆನ್ನುತ್ತಾರೆ. ಮರಾಠಿಯ ‘ಗವತಿ ಚಹಾ’ ನಮ್ಮ ಬಾಯಲ್ಲಿ ಸವೆದು ಗೌತಿ ಚಾ ಆಗಿದೆ. ಪಕ್ಕದ ಸೀಟಿನ ಹೆಂಗಸು ಎರಡು ಕಪ್ಪು ತರಿಸಿ ಒಂದನ್ನು ನನ್ನತ್ತ ಚಾಚಿ, “ತಗೋರಿ ಬಾಯಾರ, ಥಂಡಿ ಐತಿ” ಎಂದಳು. ಇವಳಿಗೆ ನನ್ನಿಂದ ಏನು ಬೇಕಾಗಿದೆ ಎಂದು ನಾನು ಮೊದಲು ಅವಳ ಮುಖ ನೋಡಿದೆ. ಆಮೇಲೆ ಕಪ್ಪು ತಗೊಂಡೆ.

ಸಂಶಯ ನಮ್ಮ ಮನೆತನದ ಆಸ್ತಿ. ಬೇರೆಯವರಿಗೆ ಹೊಲ ಬಂತು, ನಮಗೆ ಇದು ಬಂತು. ಅವ್ವ ಹದಿಮೂರನೇ ವಯಸ್ಸಿಗೆ ನಿಪ್ಪಾಣಿಯ ತಂಬಾಕಿನ ವಖಾರಿಗೆ, ಅಂದರೆ ಗೋದಾಮಿಗೆ, ಕೆಲಸಕ್ಕೆ ಹೋದವಳು, ಆಮೇಲೆ ಬೀಡಿ ಕಟ್ಟಿ ನನ್ನನ್ನು ಓದಿಸಿದವಳು. ಅಪ್ಪ ತೀರಿಕೊಂಡು ಬಹಳ ವರ್ಷವಾಗಿದೆ. “ಅಳೂ ಗಂಡಸನ್ನ ನಂಬಬ್ಯಾಡ ಅಂತಾರ. ನಗೂ ಗಂಡಸನ್ನಂತೂ ನಂಬಲೇಬ್ಯಾಡ” ಎಂಬುದು ಅವಳು ನನಗೆ ಕಲಿಸಿದ ಮೊದಲ ಪಾಠ. ಆ ಚಾದ ವಾಸನೆ ನೆನಪಿಸಿದ ಮಳೆಗಾಲದಲ್ಲಿ, ಕೆಲವು ವರ್ಷಗಳ ಹಿಂದೆ, ನಾನು ನಿಪ್ಪಾಣಿಯ ಒಂದು ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ನಾವಿಬ್ಬರೇ ಇದ್ದ ಮನೆ. ಮೇಲೊಂದು ಖಾಲಿ ಖೋಲಿ, ಬಾಡಿಗೆಗೆ.

ಮೃಗಶಿರಾ ಮಳೆ ಹಿಡಿದ ವಾರ ಆ ಖೋಲಿ ನೋಡಲು ಇಬ್ಬರು ಬಂದರು. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರಿನ ಪಟ್ಟಿ, ಸೈಕಲ್ಲು, ತಲೆಗೆ ಹೆಲ್ಮೆಟ್ಟು. ಮೋಟಾರ್ ಸೈಕಲ್ಲಿನವರೇ ಹೆಲ್ಮೆಟ್ಟು ಹಾಕದ ಊರಿನಲ್ಲಿ ಸೈಕಲ್ಲಿನವರು ಹಾಕಿದರೆ ಯಾರಿಗೆ ಸಂಶಯ ಬರುವುದಿಲ್ಲ? ಒಬ್ಬ ಆಂಧ್ರದ ಡೇವಿಡ್, ಸಣಕಲು ಹುಡುಗ. ಇನ್ನೊಬ್ಬ ಸಿಯೋನೆ ತೌಫಾ. ಟೋಂಗಾ ಎಂಬ ದ್ವೀಪದವನು, ಇಪ್ಪತ್ತರ ಪ್ರಾಯ, ನಮ್ಮ ಬಾಗಿಲಲ್ಲಿ ಅಡ್ಡ ತಿರುಗಿ ಬರುವಂಥ ಮೈ. ಬಣ್ಣ ನಮ್ಮದೇ. ಓಣಿಯವರಿಗೆ ಅದೇ ಮೊದಲ ತಕರಾರು: “ಫಾರೇನ್ ಮಂದಿ ಬೆಳ್ಳಗ ಇರ್ತಾರ. ಇಂವ ಯಾವ ಫಾರೇನು?” ಮಕ್ಕಳು ಎರಡೇ ದಿನಕ್ಕೆ ಅವನ ಹೆಸರನ್ನು ತೋಫಾ ಮಾಡಿದರು.

ಇಬ್ಬರ ಪಟ್ಟಿಯ ಮೇಲೂ ‘ಎಲ್ಡರ್’ ಎಂದಿತ್ತು. ಹಾಗೆಂದರೆ ಹಿರಿಯರು ಎಂದು ನಾನು ಹೇಳಿದಾಗ ಅವ್ವ ಅವರನ್ನು ಮೇಲಿಂದ ಕೆಳಗೆ ನೋಡಿ, “ಮೀಸಿ ಮೂಡಿಲ್ಲ, ಹಿರಿಯರಂತ!” ಎಂದಳು. ಅವರು ಮಾರ್ಮನ್ ಎಂಬ ಕ್ರೈಸ್ತ ಪಂಥದವರು. ಅವರ ಹುಡುಗರು ಎರಡು ವರ್ಷ ಮನೆ ಬಿಟ್ಟು, ಕಳಿಸಿದ ದೇಶಕ್ಕೆ ಹೋಗಿ ಸೇವೆ ಮಾಡಬೇಕಂತೆ. ಊರಲ್ಲಿ ಆ ಪಂಥದ ಮೂರ್ನಾಲ್ಕು ಮನೆಗಳಿವೆ, ಅವರಿಗಾಗಿ ಬಂದಿದ್ದೇವೆ, ಶನಿವಾರ ಇಂಗ್ಲಿಷ್ ಕಲಿಸುತ್ತೇವೆ, ಕರೆಯದೆ ಯಾರ ಮನೆಗೂ ಹೋಗುವುದಿಲ್ಲ ಎಂದು ಡೇವಿಡ್ ಹೇಳಿದ.

ಅವ್ವ ಕಪಾಟಿನಿಂದ ಒಳ್ಳೆಯ ಕಪ್ಪು ಬಸಿ ತೆಗೆದು ಚಹಾ ಮಾಡಿ ತಂದಳು. ಸಿಯೋನೆ ಎದೆಯ ಮೇಲೆ ಕೈಯಿಟ್ಟು, ಪುಸ್ತಕದ ಕನ್ನಡದಲ್ಲಿ, “ಕ್ಷಮಿಸಿ ಅಮ್ಮ, ನಾವು ಚಹಾ ಕುಡಿಯುವುದಿಲ್ಲ. ಅದು ನಮ್ಮ ನಿಯಮ” ಎಂದ. ಅವ್ವನ ಮುಖ ಗಂಟಾಯಿತು.

ಇಲ್ಲಿ ನಮ್ಮ ಮನೆಯ ವಿಷಯ ಹೇಳಲೇಬೇಕು. ನಮ್ಮ ಗೋಡೆಯ ಮೇಲೆ ಬುದ್ಧನ ಫೋಟೋ ಇದೆ, ಪಕ್ಕದಲ್ಲಿ ನೀಲಿ ಕೋಟಿನ ಫೋಟೋ ಇದೆ. ಬಂದವರು ಮೊದಲು ಆ ಗೋಡೆ ನೋಡುತ್ತಾರೆ, ಆಮೇಲೆ ಚಹಾ ಬರುತ್ತದೆ. “ಈಗಷ್ಟ ಕುಡದ ಬಂದೇನ್ರಿ” ಎನ್ನುವವರಿದ್ದಾರೆ. “ಆ್ಯಸಿಡಿಟಿ” ಎನ್ನುವವರಿದ್ದಾರೆ. ಎಲ್ಲಕ್ಕಿಂತ ಹೆಚ್ಚಿನವರು, “ನಂದೊಂದು ನೇಮ ಐತ್ರಿ” ಎನ್ನುವವರು. ಗೃಹಪ್ರವೇಶಕ್ಕೆ ಬಂದ ನಮ್ಮ ಹೆಡ್‌ಮಾಸ್ತರರು ಒಂದು ಬಾಳೆಹಣ್ಣು ಮಾತ್ರ ತಿಂದು ಹೋದರು. ಸಿಪ್ಪೆ ಇರುವ ಹಣ್ಣು ಯಾರ ಮನೆಯದಾದರೂ ನಡೆಯುತ್ತದೆ. ಅವ್ವ ವಖಾರಿಯಲ್ಲಿದ್ದಾಗ ಅವಳ ಚಹಾದ ಗ್ಲಾಸು ಬೇರೆ ಗೂಡಿನಲ್ಲಿ ಇರುತ್ತಿತ್ತು, ತಾನೇ ತೊಳೆದಿಡಬೇಕಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಮನುಷ್ಯರನ್ನು ಅಳೆಯುವುದು ಚಹಾದಿಂದ. ಕುಡಿದವನು ನಮ್ಮವನು, ಒಲ್ಲೆ ಎಂದವನು ಅವರವನು.

“ಯಾರೋ ಹೇಳ್ಯಾರ ಇವಗ” ಎಂದಳು ಅವ್ವ, ಅವರು ಮೆಟ್ಟಿಲು ಹತ್ತಿ ಖೋಲಿ ನೋಡುತ್ತಿದ್ದಾಗ.

“ಹಂಗಾದ್ರ ಖೋಲಿ ಇಲ್ಲ ಅಂತ ಹೇಳಲೇನವ್ವ?”

“ಬ್ಯಾಡ. ಇರಲಿ. ಹತ್ರ ಇಟ್ಟಕೊಂಡ ನೋಡೂನು.”

ನೋಡಿದೆವು. ನೋಡಲು ಬೇಕಾದಷ್ಟಿತ್ತು. ಬೆಳಿಗ್ಗೆ ಆರೂವರೆಗೆ ಎದ್ದು ಗಟ್ಟಿಯಾಗಿ ಓದುತ್ತಿದ್ದರು. ಸಿನಿಮಾ ಇಲ್ಲ, ಟೀವಿ ಇಲ್ಲ, ಹುಡುಗಿಯರತ್ತ ತಿರುಗಿ ನೋಡುವುದಿಲ್ಲ. ಒಬ್ಬನನ್ನು ಬಿಟ್ಟು ಇನ್ನೊಬ್ಬ ಎಲ್ಲಿಗೂ ಹೋಗುವುದಿಲ್ಲ. ಸಿಯೋನೆ ಕಟಿಂಗ್ ಮಾಡಿಸಲು ಹೋದರೆ ಡೇವಿಡ್ ಅಂಗಡಿಯ ಬೆಂಚಿನ ಮೇಲೆ ಕೂತಿರುತ್ತಿದ್ದ. “ಒಬ್ಬರಿಗೊಬ್ಬರು ಕಾವಲು. ಒಬ್ಬಂವ ಬಾಯಿ ಬಿಟ್ಟಾನಂತ ಇನ್ನೊಬ್ಬಂವನ್ನ ಇಟ್ಟಾರ” ಎಂದು ಅವ್ವ ಲೆಕ್ಕ ಹಾಕಿದಳು. ನೀರನ್ನೂ ಅವರು ತಾವೇ ತಂದ ಫಿಲ್ಟರಿನಿಂದ ಕುಡಿಯುತ್ತಿದ್ದರು. ಅದು ಆರೋಗ್ಯಕ್ಕೆ ಎಂದು ಡೇವಿಡ್ ಹೇಳಿದ್ದನ್ನು ನಾವು ನಂಬಲಿಲ್ಲ. ಒಂದು ದಿನ ಅವ್ವ ಬೇಕೆಂದೇ ಬಾಳೆಹಣ್ಣು ಕಳಿಸಿದಳು. ತಿಂದರು. “ನೋಡಿದೆಲ್ಲ?” ಎಂದು ಅವ್ವ ನನ್ನ ತೊಡೆ ಚಿವುಟಿದಳು.

ಅವನ ಕನ್ನಡದ ಫಜೀತಿ ಮಾತ್ರ ನಮ್ಮನ್ನು ನಗಿಸಿಬಿಡುತ್ತಿತ್ತು. ಎಲ್ಲೋ ಕೂತು ಪುಸ್ತಕದಿಂದ ಕಲಿತ ಹುಡುಗನನ್ನು, ಅರ್ಧ ಮಾತು ಮರಾಠಿಯಲ್ಲಿ ನಡೆಯುವ ಊರಿಗೆ ತಂದು ಬಿಟ್ಟಿದ್ದರು. ಸಂತೆಯಲ್ಲಿ ತರಕಾರಿಯವಳಿಗೆ, “ನಮಸ್ಕಾರ, ತಾವು ಹೇಗಿದ್ದೀರಿ?” ಎಂದು ಕೇಳಿದನಂತೆ. ಅವಳಿಗೆ ಅರ್ಥವಾಗದೆ, “ಕಾಯ್?” ಎಂದಳು. ಮರಾಠಿಯಲ್ಲಿ ಅದು ‘ಏನು?’ ಎಂದು. ಇವನು, “ಕಾಯಿ ಬೇಡ, ಬದನೆಕಾಯಿ ಬೇಕು” ಎಂದ. ಅವಳು ಇನ್ನೂ ಜೋರಾಗಿ, “ಕಾಯ್?” ಎಂದಳು. ಕೊನೆಗೆ ಎರಡು ತೆಂಗಿನಕಾಯಿ ಹೊತ್ತು ಮನೆಗೆ ಬಂದ.

ನನಗೆ ಕನ್ನಡ ಕಲಿಸುವಿರಾ ಎಂದು ಅವನು ಕೇಳಿದಾಗ ನಾನು ಒಪ್ಪಿದ್ದು ಒಳ್ಳೆಯತನದಿಂದಲ್ಲ. ಕಲಿಸುವ ನೆಪದಲ್ಲಿ ಇವನ ಹೊಟ್ಟೆಯಲ್ಲಿರುವುದನ್ನು ಹೊರಗೆ ತೆಗೆಯಬಹುದು ಎಂದುಕೊಂಡೆ. ಶಾಲೆ ಬಿಟ್ಟು ಬಂದ ಮೇಲೆ ಮೆಟ್ಟಿಲ ಮೇಲೆ ಅವನು, ಎರಡು ಮೆಟ್ಟಿಲು ಮೇಲೆ ಡೇವಿಡ್, ಕೆಳಗೆ ಬೆತ್ತದ ಸ್ಟೂಲಿನ ಮೇಲೆ ನಾನು. ಅವನು ಹೇಳಿದ್ದು ಬರೀ ಸಮುದ್ರ, ಮೀನು, ತಂಗಿಯರು. ಸೋಮವಾರ ಬಟ್ಟೆ ಒಗೆಯುವ ದಿನ, ಅವತ್ತು ಮಾತ್ರ ಮನೆಗೆ ವಿಡಿಯೊ ಫೋನು. ಅಪ್ಪನ ಮುಖ ಕಾಣುವವರೆಗೂ ಅವನು ಅಂಗಿಯ ಕಾಲರು ತಿದ್ದಿಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೇನೆ.

“ಎರಡು ವರ್ಷ ಮುಗಿಯಲು ಇನ್ನು ಆರು ತಿಂಗಳು, ಟೀಚರ್. ನಾನು ಪೂರ್ತಿ ಮುಗಿಸಬೇಕು” ಎಂದ ಒಂದು ದಿನ.

“ಮುಗಿಸದಿದ್ರ ಏನಾಗ್ತದ?”

ಅವನು ಶಬ್ದ ಹುಡುಕಿ ಹುಡುಕಿ ಹೇಳಿದ. “ನನ್ನ ಅಣ್ಣ ಅರ್ಧದಲ್ಲಿ ಮನೆಗೆ ಬಂದ. ನಾಲ್ಕು ವರ್ಷ ಆಯಿತು. ಅಪ್ಪ ಬೈಯಲಿಲ್ಲ. ಆದರೆ ಅವನ ಜೊತೆ ಊಟಕ್ಕೆ ಕೂರುವುದಿಲ್ಲ.”

ನನ್ನ ಕರುಳು ಚುರ್ ಎಂದಿತು. ಆ ಕ್ಷಣವೇ, ಕರುಳು ಚುರ್ ಎನ್ನಿಸುವುದೇ ಇವರ ಕಸುಬು ಇರಬೇಕು ಎಂದೂ ಅನಿಸಿತು.

ಆರಿದ್ರಾ ಮಳೆಯಲ್ಲಿ ನಮ್ಮ ಹಿತ್ತಲಿನ ತಗಡಿನ ಪತ್ರಾ ಹಾರಿಹೋದಾಗ ಅವನೇ ಏರಿ ಮೊಳೆ ಬಡಿದ. ಓಣಿಯ ಹೆಂಗಸರ ಬೀಡಿ ಎಲೆಯ ಚೀಲಗಳನ್ನು ಎರಡೆರಡು ಹೊತ್ತು ತಂದುಕೊಟ್ಟ. ಯಾರಿಂದಲೂ ಏನೂ ತಗೊಳ್ಳಲಿಲ್ಲ. ಪುಕ್ಕಟೆ ದುಡಿಯುವವನ ಮೇಲೆ ಓಣಿಗೆ ಇನ್ನಷ್ಟು ಗುಮಾನಿ ಹೆಚ್ಚಿತು.

ಒಂದು ಮಧ್ಯಾಹ್ನ ಮಳೆ ಹೊಡೆಯುತ್ತಿದ್ದಾಗ ಅವನು ನಮ್ಮ ಪಡಸಾಲೆಯಲ್ಲಿ ನಿಂತು ಗೋಡೆಯ ನೀಲಿ ಕೋಟಿನ ಫೋಟೋ ತೋರಿಸಿ, “ಅಮ್ಮ, ಇವರ ಕಥೆ ಏನು?” ಎಂದು ಅವ್ವನನ್ನು ಕೇಳಿದ. ಬೀಡಿ ಕಟ್ಟುತ್ತಿದ್ದ ಅವ್ವ ಕೈ ನಿಲ್ಲಿಸದೆ ಶುರು ಮಾಡಿದಳು. ಅವಳ ಅಪ್ಪ ಧರ್ಮ ಬದಲಿಸಿ ಬೌದ್ಧನಾದದ್ದು, ಮನೆಯ ದೇವರನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ವೇದಗಂಗೆ ಹೊಳೆಗೆ ಬಿಟ್ಟು ಬಂದದ್ದು, ಊರವರು ಬಾವಿ ಬಂದ್ ಮಾಡಿದ್ದು. ಅವನು ನೆಲದ ಮೇಲೆ ಕೂತು ಒಂದು ತಾಸು ಕೇಳಿದ. “ಆಮೇಲೆ ನೀರಿಗೆ ಏನು ಮಾಡಿದಿರಿ?” ಎಂದು ಕೇಳಿದ. ಸಣ್ಣ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡ. ಶಾಲೆಗೆ ಸೂಟಿಯಾಗಿ ಮನೆಯಲ್ಲಿದ್ದ ನನ್ನ ಕಣ್ಣು ಆ ನೋಟ್‌ಬುಕ್ಕಿನ ಮೇಲೇ ಇತ್ತು. ತನ್ನ ಧರ್ಮದ ಒಂದು ಮಾತನ್ನೂ ಅವನು ಅವತ್ತು ಆಡಲಿಲ್ಲ. ಮುಂದೆಯೂ ಆಡಲಿಲ್ಲ.

ಪುಷ್ಯ ಮಳೆಗೆ ಸಿಯೋನೆಗೆ ಜ್ವರ ಬಂತು. ಮೂರು ದಿನ ಇಳಿಯಲಿಲ್ಲ. ಅವ್ವನಿಗೆ ಸಿಟ್ಟು ಇತ್ತು, ಕರುಳೂ ಇತ್ತು. ಹಿತ್ತಲಿನ ಗೌತಿ ಚಾ ಕೊಯ್ದು, ಹಸಿಶುಂಠಿ ಬೆಲ್ಲ ಹಾಕಿ ಕುದಿಸಿ ತಾನೇ ಮೆಟ್ಟಿಲು ಹತ್ತಿ ಒಯ್ದಳು. ಚಹಾಪುಡಿಯ ಒಂದು ಕಾಳೂ ಅದರಲ್ಲಿರಲಿಲ್ಲ. ಬಾಗಿಲಲ್ಲಿ ಡೇವಿಡ್, “ಏನಮ್ಮ ಇದು?” ಎಂದ.

“ಗೌತಿ ಚಾ, ಅಪ್ಪಾ. ಕುಡಸು, ಮೈ ಬೆವರತೈತಿ.”

ಅವನಿಗೆ ‘ಚಾ’ ಅಷ್ಟೇ ಕೇಳಿಸಿತು. “ಬೇಡ ಅಮ್ಮ, ನಿಯಮ ಇದೆ” ಎಂದು ಕೈಮುಗಿದ.

ಅವ್ವ ಇಳಿದು ಬಂದು ಪಾತೇಲಿಯನ್ನು ಬಚ್ಚಲಿಗೆ ಸುರಿದಳು. “ಸಾಯಾಕ ಬಿದ್ದಾಗೂ ನೇಮ” ಎಂದು ಒಂದೇ ಮಾತು ಆಡಿದಳು, ಅವತ್ತು ಊಟ ಮಾಡಲಿಲ್ಲ. ನೇರವಾಗಿ ಕೇಳಬಹುದಿತ್ತಲ್ಲ, ನಮ್ಮ ಜಾತಿಗಾಗಿ ಒಲ್ಲೆ ಎನ್ನುತ್ತೀಯಾ ಎಂದು? ಕೇಳಲಾಗುವುದಿಲ್ಲ. ಕೇಳಿದರೆ ನಾವೇ ನಮ್ಮ ಬಾಯಿಂದ ಅದನ್ನು ಹೇಳಿದಂತಾಗುತ್ತದೆ. ಹೌದು ಎಂದುಬಿಟ್ಟರೆ ಆಮೇಲೆ ಎಲ್ಲಿ ಮುಖ ಇಟ್ಟುಕೊಳ್ಳುವುದು?

ಆ ಭಾನುವಾರವೇ ಅಪ್ಪಾಸಾಬ ಬಂದ. ಮುಖ್ಯ ರಸ್ತೆಯ ದೊಡ್ಡ ಮನೆಯವನು, ಊರಿನ ಪುಢಾರಿ. ಓಟಿಗೆ ಬಂದಾಗಲೂ ನಮ್ಮ ಕಟ್ಟೆಯ ಕೆಳಗೇ ನಿಂತು ಹೋದವನು ಅಂದು ಚಪ್ಪಲಿ ಬಿಟ್ಟು ಒಳಗೆ ಬಂದು ಖುರ್ಚಿಯ ಮೇಲೆ ಕೂತ. ಕೂತವನೇ, “ಅಕ್ಕಾ, ಒಂದೀಟ ಚಾ ಮಾಡ್ರಲಾ. ನಿಮ್ಮ ಕೈ ಚಾ ಕುಡದೇ ಇಲ್ಲ ನಾ” ಎಂದ.

ಅವ್ವ ಕಪಾಟಿನಿಂದ ಒಳ್ಳೆಯ ಕಪ್ಪು ಬಸಿ ತೆಗೆದಳು. ಹಾಲು ಹೆಚ್ಚು ಹಾಕಿ ಮಾಡಿದಳು. ಅವನು ಬಸಿಗೆ ಸುರಿದುಕೊಂಡು ಸೊರ್ ಎಂದು ಕುಡಿದ, ಇನ್ನೊಂದು ಕಪ್ಪು ಕೇಳಿ ಕುಡಿದ. ಆಮೇಲೆ ವಿಷಯಕ್ಕೆ ಬಂದ. “ಟೀಚರ್, ನಿಮ್ಮ ಮ್ಯಾಲಿನ ಹುಡುಗೂರು ಮಂದಿ ಧರ್ಮಾ ಕೆಡಸಾಕತ್ತಾರ. ನಾವ ಹೇಳಿದ್ರ ಯಾರೂ ನಂಬಂಗಿಲ್ಲ. ಮನಿಯವ್ರು ನೀವು ಠಾಣೇಕ ಒಂದು ಅರ್ಜಿ ಬರದ ಕೊಟ್ರ ಸಾಕು. ನಿಮ್ಮಷ್ಟ ಚೊಲೋ ಕನ್ನಡ ಬರಿಯೋರು ಯಾರ ಅದಾರ ಊರಾಗ?”

ಹುಟ್ಟಿದಾಗಿನಿಂದ ಎಲ್ಲರನ್ನೂ ಸಂಶಯಿಸಿದ ನಾನು, ಸಂಶಯಿಸಬೇಕಾದ ಒಬ್ಬನೇ ಒಬ್ಬನನ್ನು ಅವತ್ತು ಸಂಶಯಿಸಲಿಲ್ಲ. ಅವನು ನಮ್ಮ ಮನೆಯಲ್ಲಿ ಎರಡು ಕಪ್ಪು ಚಹಾ ಕುಡಿದಿದ್ದ.

ಬರೆದೆ. ಮಾಸ್ತರಿಕೆ ಮಾಡಿದವಳು, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂಬಂತೆ ಬರೆದೆ. “ಸದರಿಯವರು ನಮ್ಮ ಮನೆಯಲ್ಲಿ, ನನ್ನ ವಯಸ್ಸಾದ ತಾಯಿಯೊಂದಿಗೆ ಕೂತು, ಧರ್ಮದ ವಿಷಯವಾಗಿ ಬಹಳ ಹೊತ್ತು ಮಾತುಕತೆ ನಡೆಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.” ಯಾರೂ ಸುಳ್ಳು ಎನ್ನಲಾಗದ ವಾಕ್ಯ. ಮಾತಾಡಿದವಳು ಅವ್ವ, ಕೇಳಿದವನು ಅವನು ಎಂಬುದನ್ನು ಮಾತ್ರ ಬಿಟ್ಟೆ. ಅಪ್ಪಾಸಾಬ ಎರಡು ಸಲ ಓದಿ ಮಡಚಿ ಕಿಸೆಗೆ ಹಾಕಿಕೊಂಡ. ಏನು ಬರೆದೆ ಎಂದು ಓದು ಬಾರದ ಅವ್ವ ಕೇಳಿದಾಗ, “ಖೋಲಿ ಖಾಲಿ ಮಾಡಸಾಕ ಒಂದು ಅರ್ಜಿ” ಎಂದೆ.

ಮರುದಿನ ಸೋಮವಾರ, ಅವರ ಬಟ್ಟೆ ಒಗೆಯುವ ದಿನ. ನಾನು ಅವತ್ತು ಶಾಲೆಗೆ ರಜೆ ಹಾಕಿದ್ದೆ. ಜ್ವರ ಬಿಟ್ಟು ಎದ್ದ ಸಿಯೋನೆ ಹಿತ್ತಲಿಗೆ ಬಂದು ಒಗೆಯುವ ಕಲ್ಲಿನ ಹತ್ತಿರ ಬಗ್ಗಿದವನು ಹಾಗೇ ನಿಂತ. ಬದಿಯ ಹುಲ್ಲಿನ ಒಂದು ಎಸಳು ಹರಿದು, ಕೈಯಲ್ಲಿ ತಿಕ್ಕಿ ಮೂಸಿದ. “ಅಮ್ಮ! ಇದಕ್ಕೆ ಏನು ಹೇಳುತ್ತೀರಿ?” ಎಂದು ಕೂಗಿದ.

“ಗೌತಿ ಚಾ. ನೀ ಒಲ್ಲೆ ಅಂದೆಲ್ಲ, ಅದ ಇದು” ಎಂದಳು ಅವ್ವ, ತಿರುಗಿ ನೋಡದೆ.

“ಇದು ಚಹಾ ಅಲ್ಲ ಅಮ್ಮ, ಇದು ಹುಲ್ಲು! ನನ್ನ ಅಜ್ಜಿಯ ಮನೆಯ ಹಿಂದೆ ಇದೆ. ಜ್ವರ ಬಂದರೆ ಅಜ್ಜಿ ಇದನ್ನೇ ಕೊಡುತ್ತಾಳೆ. ಚಹಾದ ಎಲೆ ಮಾತ್ರ ನಮಗೆ ಬೇಡ. ರಾಜ ಕೊಟ್ಟರೂ ಬೇಡ, ನನ್ನ ಅಮ್ಮ ಕೊಟ್ಟರೂ ಬೇಡ. ಇದು ಬೇಕು. ಕೊಡುತ್ತೀರಾ?”

ಅವ್ವ ಬಗ್ಗಿ ಒಂದು ಹಿಡಿ ಹುಲ್ಲು ಕೊಯ್ದಳು. ಒಳಗೆ ಹೋಗಿ ಕುದಿಸಿ ತಂದಳು. ಅವಳು ದಿನಾ ಕುಡಿಯುವ ಸ್ಟೀಲಿನ ಲೋಟದಲ್ಲೇ ಕೊಟ್ಟಳು. ಅವನು ಒಗೆಯುವ ಕಲ್ಲಿನ ಮೇಲೆ ಕೂತು, ಕಣ್ಣು ಮುಚ್ಚಿ ಕುಡಿದು, ಖಾಲಿ ಲೋಟ ಚಾಚಿ, “ಇನ್ನೂ?” ಎಂದ.

“ತಾಯಿ ಕೊಟ್ರೂ ಕುಡ್ಯಂಗಿಲ್ಲಂತ! ತಾಯಿ ಕೊಟ್ರೂ!” ಎಂದು ಅವ್ವ ಅಡುಗೆಮನೆಯಲ್ಲಿ ಅಳುತ್ತ ನಗುತ್ತ ಎರಡನೇ ಸಲ ನೀರಿಟ್ಟಳು. ನಾನು ಹೊರಗೆ ಹೋದೆ. ಅಪ್ಪಾಸಾಬನಿಗೆ ಫೋನು ಮಾಡಿ ಅರ್ಜಿ ವಾಪಸ್ಸು ಕೊಡಿ ಎಂದೆ. “ಮುಂಜಾನೇನ ಕೊಟ್ಟಾಗೇತ್ರಿ ಟೀಚರ್” ಎಂದ, ಬಹಳ ಹುರುಪಿನಲ್ಲಿ.

ಮಧ್ಯಾಹ್ನ ಇಬ್ಬರನ್ನೂ ಠಾಣೆಗೆ ಕರೆದರು. ಆಗ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಸೆರಗು ಬಿಗಿದು, “ನಡಿ” ಎಂದಳು.

ಠಾಣೆಯ ಸಾಹೇಬರು ಕೆಟ್ಟವರಲ್ಲ. ಬೆಂಚಿನ ಮೇಲೆ ಅವರಿಬ್ಬರೂ ಮೊಣಕಾಲು ಜೋಡಿಸಿ ಕೂತಿದ್ದರು. ಸಾಹೇಬರು ನನ್ನ ವಾಕ್ಯವನ್ನು ಗಟ್ಟಿಯಾಗಿ ಓದಿ ಹೇಳಿದರು: “ಇದು ಖರೇ ಅಂದ್ರ ಮ್ಯಾಲ ರಿಪೋರ್ಟ ಹೋಗತೈತಿ, ಇಂವ ವಿದೇಶದಾಂವ, ದೇಶಾ ಬಿಡಬೇಕಾಗತೈತಿ. ಸುಳ್ಳಂದ್ರ ಟೀಚರ್, ಸುಳ್ಳು ಅಂತ ನೀವ ಬರದ ಕೊಡ್ರಿ, ಈಗ ಬಿಡ್ತೀನಿ. ಆದ್ರ ಸುಳ್ಳ ಅರ್ಜಿ ಕೊಟ್ಟದ್ದಕ್ಕ ನಿಮ್ಮ ಇಲಾಖೆಗೂ ಒಂದು ಕಾಗದ ಹೋಗತೈತಿ ಮತ್ತ.” ಬಿಳಿ ಹಾಳೆ, ಪೆನ್ನು ನನ್ನ ಮುಂದಿಟ್ಟರು.

ಪೆನ್ನು ತಗೊಂಡೆ. ಮುಚ್ಚಳ ತೆಗೆದೆ. ಹನ್ನೆರಡು ವರ್ಷದ ನೌಕರಿ, ಅದಕ್ಕಾಗಿ ಅವ್ವ ಕಟ್ಟಿದ ಬೀಡಿ, ಹೆಡ್‌ಮಾಸ್ತರರ ಮುಖ, ಎಲ್ಲ ಕಣ್ಣ ಮುಂದೆ ಬಂದವು. ಕೈ ಓಡಲಿಲ್ಲ. ಸಿಯೋನೆ ನನ್ನ ಕೈಯನ್ನೇ ನೋಡುತ್ತಿದ್ದ.

“ಸರ್, ಟೀಚರ್ ಬರೆದದ್ದು ಸುಳ್ಳಲ್ಲ” ಎಂದು ಎದ್ದು ನಿಂತ. “ಅಮ್ಮನ ಜೊತೆ ಕೂತು ಧರ್ಮದ ಮಾತು ಆಡಿದ್ದು ನಿಜ.”

“ಲೇ ತಮ್ಮಾ, ಸುಮ್ಮನ ಕೂಡು!” ಅವ್ವ ಚೀರಿದಳು. “ಮಾತಾಡಿದಾಕಿ ನಾನರಿ ಸಾಹೇಬ್ರ! ಅಂವ ಬರೇ ಕೇಳಿದ!”

“ಅಜ್ಜೀ, ಕೂತ ಮಾತಾಡಿದ್ದು ಖರೇ ಹೌದಿಲ್ಲೋ?”

“ಖರೇರಿ, ಆದ್ರ...”

ಸಾಹೇಬರು ನನ್ನ ಕಡೆ ತಿರುಗಿದರು. ಅವ್ವನೂ ತಿರುಗಿದಳು. ಅವ್ವ ಹೇಳುವುದು ಖರೆ ಎಂಬ ಒಂದು ಮಾತು ಸಾಕಿತ್ತು. ನಾನು ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟೆ.

ಅವರು ಮರುದಿನ ಬೆಳಗಾವಿಯ ಬಸ್ಸಿಗೆ ಹೋದರು. ಅವ್ವ ಬಸ್‌ಸ್ಟ್ಯಾಂಡಿಗೆ ಹೋಗಿ ಕಳಿಸಿ ಬಂದಳು, ನಾನು ಶಾಲೆಗೆ ಹೋದೆ. ಅವನು ಏನಾದರೂ ಅಂದನೇ ಎಂದು ಸಂಜೆ ಕೇಳಿದಾಗ ಅವ್ವ ಎದ್ದು ಹಿತ್ತಲಿಗೆ ಹೋದಳು. ಮುಂದೆ ಎಷ್ಟೋ ದಿನ ಬೇಕಾದ್ದಕ್ಕಷ್ಟೇ ನನ್ನೊಡನೆ ಮಾತಾಡಿದಳು.

ದೀಪಾವಳಿಯ ಹೊತ್ತಿಗೆ ಡೇವಿಡ್‌ನಿಂದ ನನ್ನ ಮೊಬೈಲಿಗೆ ಸಂದೇಶ ಬಂತು. ಓದು ಎಂದು ಅವ್ವ ಎದುರು ಬಂದು ಕೂತಳು. ಓದಿದೆ. ಸಿಯೋನೆಯನ್ನು ಸೇವೆ ಮುಗಿಯುವ ಮೊದಲೇ ಊರಿಗೆ ಕಳಿಸಿದರು. ಮೈಗೆ ಆರಾಮ ಇದ್ದಾನೆ. ಅಮ್ಮನ ಕ್ಷೇಮ ಕೇಳಿದ್ದಾನೆ. ಅದರ ಕೆಳಗೆ, ನಾನು ಓದಿ ಹೇಳದ ಇನ್ನೊಂದು ಸಾಲಿತ್ತು. ಅವನು, ಅವನ ಅಣ್ಣ ಈಗ ಹಿತ್ತಲಲ್ಲಿ ಇಬ್ಬರೇ ಕೂತು ಉಣ್ಣುತ್ತಾರೆ ಎಂದು.

“ಅಷ್ಟ ಬರದಾನೇನ?” ಎಂದಳು ಅವ್ವ.

“ಅಷ್ಟ” ಎಂದೆ.